ಡಿಕೋಡರ್ ಸುಟ್ಟಿದೆ ಅನ್ನುವ ಮುಂಚೆ: ಮಾಡೆಲ್ ಲೋಕೋದ ಸೌಂಡ್ ತೊಂದರೆ ಹುಡುಕುವ ಬಗೆ

ಹಳೆಯ ಎಚ್‌ಓ (1:87 ಅಳತೆಯ) ಮಾಡೆಲ್ ಲೋಕೋಗೆ ಸೌಂಡ್ ಡಿಕೋಡರ್ (ಹಳಿಯಿಂದ ಬರುವ ಆದೇಶ ಓದಿ ಮೋಟಾರ್, ದೀಪ, ಸದ್ದು ನಡೆಸುವ ಸಣ್ಣ ಬೋರ್ಡ್) ಹಾಕಿದ ಮೇಲೆ ಏನಾದರೂ ಎಡವಟ್ಟಾದರೆ ಮೊದಲು ಬರುವ ಮಾತು "ಡಿಕೋಡರ್ ಹೋಯ್ತು" ಅಂತ. ನಿಜವಾಗಿ ಡಿಕೋಡರ್ ಹೋಗಿರುವುದು ಕಡಿಮೆ. ಮೋಟಾರ್ ಚಾಸಿಗೆ ತಾಗಿರುತ್ತದೆ, ವಯರ್ ಬಾಡಿ ಕೆಳಗೆ ಸಿಕ್ಕಿಕೊಂಡಿರುತ್ತದೆ, ಹಳಿ ಕೊಳೆಯಾಗಿರುತ್ತದೆ. ಎಷ್ಟೋ ಸಲ ಯಾವುದೋ ಬಟನ್ ಒತ್ತಿರುವುದೇ ಇಲ್ಲ. ನಮ್ಮಲ್ಲಿ ಹೆಚ್ಚಿನವರು ಡಿಕೋಡರನ್ನು ಹೊರದೇಶದಿಂದ ತರಿಸಬೇಕು, ಕಸ್ಟಮ್ಸ್ ಬೇರೆ ಕಟ್ಟಬೇಕು. ಹಾಗಾಗಿ ಇನ್ನೊಂದು ಆರ್ಡರ್ ಮಾಡುವ ಮುಂಚೆ ಖರ್ಚಿಲ್ಲದ ಪರೀಕ್ಷೆಗಳನ್ನು ಮುಗಿಸುವುದು ಒಳ್ಳೆಯದು.

ಬೇಕಾದ ಸಾಮಾನು ಜಾಸ್ತಿ ಇಲ್ಲ. ಬೀಪ್ ಬರುವ ಮಲ್ಟಿಮೀಟರ್, ಬಿಸಿ ತಾಳುವ ಕಾಪ್ಟನ್ ಟೇಪ್, ಬಿಸಿಗೆ ಕುಗ್ಗುವ ಹೀಟ್‌ಶ್ರಿಂಕ್ ಕೊಳವೆ, ಸಣ್ಣ ಮೊನೆಯ ಸೋಲ್ಡರಿಂಗ್ ಐರನ್, ಐಸೊಪ್ರೊಪೈಲ್ ಆಲ್ಕೋಹಾಲ್, ಒಂದು ಎಎ ಸೆಲ್. ಇವುಗಳಲ್ಲಿ ಮಲ್ಟಿಮೀಟರ್ ಇಲ್ಲದಿದ್ದರೆ ಅದನ್ನು ಕೊಂಡ ಮೇಲೇ ಮುಂದೆ ಓದಿ.

ಹಳಿಗೆ ಇಡುವ ಮುಂಚೆ: ಮೋಟಾರ್ ಬೇರೆಯಾಗಿದೆಯಾ?

ಡಿಸಿಸಿಯಲ್ಲಿ (ಹಳಿಯ ಮೂಲಕವೇ ಡಿಜಿಟಲ್ ಆದೇಶ ಕಳಿಸುವ ಪದ್ಧತಿ) ಹಳಿಯ ಕರೆಂಟ್ ನೇರವಾಗಿ ಮೋಟಾರ್‌ಗೆ ಹೋಗಬಾರದು. ಹಳಿಯಿಂದ ಡಿಕೋಡರ್‌ಗೆ, ಡಿಕೋಡರ್‌ನಿಂದ ಮೋಟಾರ್‌ಗೆ ಹೋಗಬೇಕು. ಮೋಟಾರ್‌ಗೆ ಕರೆಂಟ್ ಮುಟ್ಟಿಸುವ ಬ್ರಷ್‌ನ ಒಂದು ತುದಿ ಚಾಸಿಗೆ ತಾಗಿದ್ದರೂ ಹಳಿಯ ವೋಲ್ಟೇಜ್ ಹಿಂದಿನಿಂದ ಡಿಕೋಡರ್‌ನ ಮೋಟಾರ್ ಡ್ರೈವರ್‌ಗೆ ನುಗ್ಗುತ್ತದೆ. ನಿಜವಾಗಿ ಸುಟ್ಟ ಡಿಕೋಡರ್‌ಗಳಲ್ಲಿ ಹೆಚ್ಚಿನವು ಸತ್ತಿರುವುದು ಹೀಗೆಯೇ.

ಪರೀಕ್ಷೆ ಸುಲಭ. ಡಿಕೋಡರ್ ಇನ್ನೂ ಜೋಡಿಸಿರಬಾರದು. ಮೀಟರ್ ಬೀಪ್‌ನಲ್ಲಿಡಿ. ಒಂದು ಮೊನೆ ಮೋಟಾರ್ ಬ್ರಷ್‌ಗೆ, ಇನ್ನೊಂದು ಬಲಗಡೆ ಚಕ್ರಕ್ಕೆ, ಆಮೇಲೆ ಎಡಗಡೆ ಚಕ್ರಕ್ಕೆ, ಆಮೇಲೆ ಚಾಸಿಗೆ. ಇನ್ನೊಂದು ಬ್ರಷ್‌ಗೂ ಹೀಗೇ ಮಾಡಿ. ಆರು ಅಳತೆಯಲ್ಲಿ ಒಂದರಲ್ಲೂ ಬೀಪ್ ಬರಬಾರದು. ಅಳೆಯುವಾಗ ಮೋಟಾರನ್ನು ಕೈಯಿಂದ ನಿಧಾನಕ್ಕೆ ತಿರುಗಿಸಿ, ಲೋಕೋವನ್ನು ಮಗುಚಿ ಅಲ್ಲಾಡಿಸಿ. ಸುಮ್ನೆ ಇಟ್ಟಾಗ ಸರಿ ಇದ್ದು, ಅಲ್ಲಾಡಿಸಿದಾಗ ಬೀಪ್ ಅಂದರೆ ಅದೂ ಷಾರ್ಟೇ.

ಅಮೆರಿಕದ ಅಥರ್ನ್ ಕಂಪನಿಯ ಹಳೆಯ "ಬ್ಲೂ ಬಾಕ್ಸ್" ಡೀಸೆಲ್‌ಗಳು ಇದಕ್ಕೆ ಒಳ್ಳೆಯ ಉದಾಹರಣೆ. ಸೆಕೆಂಡ್‌ಹ್ಯಾಂಡ್ ಅಗ್ಗಕ್ಕೆ ಸಿಗುತ್ತವೆ, ಬಾಡಿಯಲ್ಲಿ ಜಾಗ ಬೇಕಾದಷ್ಟಿದೆ. ಆದರೆ ಅವು ಬರೀ ಡಿಸಿಗೆ (ಡಿಕೋಡರ್ ಇಲ್ಲದೆ ಹಳಿಯ ಕರೆಂಟ್ ನೇರವಾಗಿ ಮೋಟಾರ್‌ಗೆ ಹೋಗುವ ಹಳೆಯ ಪದ್ಧತಿ) ಮಾಡಿದವು. ಮೋಟಾರ್ ಕೆಳಗಿನ ಹಿತ್ತಾಳೆ ಕ್ಲಿಪ್‌ನಲ್ಲಿ ಎರಡು ಸಣ್ಣ ಮೊಳೆಯಂಥ ಮುಂಚಾಚು ಇರುತ್ತವೆ. ಅವು ನೇರವಾಗಿ ಲೋಹದ ಚಾಸಿಗೆ ಒತ್ತಿಕೊಂಡು ಒಂದು ಹಳಿಯ ಕರೆಂಟ್ ತೆಗೆದುಕೊಳ್ಳುತ್ತವೆ. ಮೇಲಿನ ಕ್ಲಿಪ್‌ಗೆ ಉದ್ದನೆಯ ಲೋಹದ ಪಟ್ಟಿಯೊಂದು ಬೋಗಿಗಳಿಂದ (ಲೋಕೋ ಕೆಳಗಿನ ಚಕ್ರದ ಗಾಡಿಗಳು) ಇನ್ನೊಂದು ಹಳಿಯ ಕರೆಂಟ್ ತರುತ್ತದೆ. ಡಿಕೋಡರ್ ಹಾಕುವಾಗ ಆ ಎರಡು ಮುಂಚಾಚುಗಳನ್ನು ಕತ್ತರಿಸಬೇಕು, ಕ್ಲಿಪ್‌ಗೆ ಡಿಕೋಡರ್‌ನ ಬೂದು ವಯರ್ ಬೆಸೆಯಬೇಕು, ಮೋಟಾರ್ ಕೂರುವ ಗುಂಡಿಗೆ ಎರಡು ಪದರ ಕಾಪ್ಟನ್ ಟೇಪ್ ಹಾಕಬೇಕು. ಮೇಲಿನ ಪಟ್ಟಿಯನ್ನು ಕ್ಲಿಪ್‌ನಿಂದ ಬಿಡಿಸಿ ಅಲ್ಲಿಗೆ ಕಿತ್ತಳೆ ವಯರ್. ಬೆಸುಗೆ ಹಾಕಿದ ಮೇಲೆ ಕ್ಲಿಪ್ ಕೆಳಗೆ ತವರದ ಗುಬುಟು ಉಳಿದಿದೆಯಾ ಅಂತ ಬೆರಳಾಡಿಸಿ ನೋಡಿ. ಗುಬುಟು ಚೂಪಾಗಿದ್ದರೆ ಟೇಪನ್ನು ಚುಚ್ಚುತ್ತದೆ. ಮೊದಲ ವಾರ ಎಲ್ಲ ಚೆನ್ನಾಗಿರುತ್ತದೆ, ಒಂದು ದಿನ ಓಡುತ್ತಾ ಓಡುತ್ತಾ ಹೊಗೆ.

ವಯರ್ ಬಣ್ಣಗಳಿಗೆ ಎನ್ಎಂಆರ್‌ಎ (ಅಮೆರಿಕದ ಮಾಡೆಲ್ ರೈಲು ಹವ್ಯಾಸಿಗಳ ಸಂಘ) ಪದ್ಧತಿ ಇದೆ. ಬಲ ಹಳಿಗೆ ಕೆಂಪು, ಎಡ ಹಳಿಗೆ ಕಪ್ಪು. ಮೋಟಾರ್‌ಗೆ ಕಿತ್ತಳೆ ಮತ್ತು ಬೂದು. ಮುಂದಿನ ದೀಪಕ್ಕೆ ಬಿಳಿ, ಹಿಂದಿನದಕ್ಕೆ ಹಳದಿ. ದೀಪಗಳಿಗೆಲ್ಲ ಸಾಮಾನ್ಯ ಪ್ಲಸ್ ನೀಲಿ. ಸ್ಪೀಕರ್ ವಯರ್‌ಗಳ ಬಣ್ಣ ಮಾತ್ರ ಕಂಪನಿಗೊಂದು ಥರ, ಕೈಪಿಡಿ ನೋಡಿಯೇ ಜೋಡಿಸಿ.

ಮೊದಲ ಕರೆಂಟ್ ಪ್ರೋಗ್ರಾಮಿಂಗ್ ಟ್ರ್ಯಾಕ್‌ನಲ್ಲೇ ಕೊಡಿ

ಪ್ರೋಗ್ರಾಮಿಂಗ್ ಟ್ರ್ಯಾಕ್ ಅಂದರೆ ಡಿಕೋಡರ್‌ನ ಸೆಟ್ಟಿಂಗ್ ಓದಲು, ಬರೆಯಲು ಕಮಾಂಡ್ ಸ್ಟೇಷನ್‌ಗೆ (ಹಳಿಗೆ ಕರೆಂಟ್, ಆದೇಶ ಕೊಡುವ ಪೆಟ್ಟಿಗೆ) ಜೋಡಿಸಿದ ಬೇರೆ ತುಂಡು ಹಳಿ. ಅಲ್ಲಿ ಕರೆಂಟ್‌ಗೆ ಮಿತಿ ಇರುತ್ತದೆ. ವಯರಿಂಗ್ ತಪ್ಪಿದ್ದರೂ ಅಲ್ಲಿ ಡಿಕೋಡರ್ ಉಳಿಯುವ ಸಾಧ್ಯತೆ ಜಾಸ್ತಿ. ಲೋಕೋ ಇಟ್ಟು ಸಿವಿ 8 ಓದಿ (ಸಿವಿ ಅಂದರೆ ಡಿಕೋಡರ್ ಒಳಗಿನ ನಂಬರ್ ಹಾಕಿದ ಸೆಟ್ಟಿಂಗ್). ಅದು ತಯಾರಕರ ನಂಬರ್: ಇಎಸ್‌ಯು ಆದರೆ 151, ಜಿಮೋ ಆದರೆ 145, ಸೌಂಡ್‌ಟ್ರಾಕ್ಸ್ ಆದರೆ 141. ಸರಿಯಾದ ನಂಬರ್ ಬಂತು ಅಂದರೆ ಒಂದೇ ಏಟಿಗೆ ಮೂರು ವಿಷಯ ಗೊತ್ತಾದವು. ಡಿಕೋಡರ್‌ಗೆ ಜೀವ ಇದೆ, ಹಳಿಯ ಕರೆಂಟ್ ಒಳಗೆ ತಲುಪುತ್ತಿದೆ, ಮೋಟಾರ್ ಜೋಡಣೆ ಇದೆ. ಮೂರನೆಯದು ಯಾಕೆಂದರೆ, ಡಿಕೋಡರ್ ಉತ್ತರ ಕೊಡುವುದೇ ಮೋಟಾರ್‌ಗೆ ಚಿಟಿಕೆಯಷ್ಟು ಕರೆಂಟ್ ಬಿಟ್ಟು, ಸುಮಾರು 6 ಮಿಲಿಸೆಕೆಂಡ್ ಕಾಲ 60 ಮಿಲಿಆಂಪ್ ಹೆಚ್ಚಿಗೆ ಎಳೆದು. ಓದುವಾಗ ಲೋಕೋ ಸ್ವಲ್ಪ ಮಿಸುಕುವುದು ಕಣ್ಣಿಗೇ ಕಾಣುತ್ತದೆ.

ಸಿವಿ ಓದೋಕೆ ಆಗ್ತಿಲ್ಲ, ಎರರ್ ಬರುತ್ತೆ

ಗಾಬರಿ ಬೇಡ. ಸೌಂಡ್ ಡಿಕೋಡರ್‌ಗಳಲ್ಲಿ ಇದು ಮಾಮೂಲಿ. ಒಳಗಿನ ಕೆಪಾಸಿಟರ್‌ಗಳು ಶುರುವಿನಲ್ಲೇ ಕರೆಂಟ್ ಎಳೆಯುತ್ತವೆ. ಹಳೆಯ ಕಮಾಂಡ್ ಸ್ಟೇಷನ್‌ಗಳ ಪ್ರೋಗ್ರಾಮಿಂಗ್ ಔಟ್‌ಪುಟ್ ಅದನ್ನು ತಾಳುವುದಿಲ್ಲ.

ಮೊದಲು ಚಕ್ರ ಮತ್ತು ಹಳಿ ಒರೆಸಿ. ಕೀಪ್‌ಅಲೈವ್ (ಕರೆಂಟ್ ಕ್ಷಣ ತಪ್ಪಿದಾಗ ಡಿಕೋಡರ್ ನಡೆಸುವ ಕೆಪಾಸಿಟರ್) ಹಾಕಿದ್ದರೆ ತಾತ್ಕಾಲಿಕವಾಗಿ ಬಿಡಿಸಿ. ಅದರ ಚಾರ್ಜಿಂಗ್ ಕರೆಂಟ್‌ನಲ್ಲಿ ಆ ಸಣ್ಣ ಉತ್ತರ ಮುಚ್ಚಿಹೋಗುತ್ತದೆ. ಆಗಲೂ ಓದದಿದ್ದರೆ ಲೋಕೋವನ್ನು ಮುಖ್ಯ ಹಳಿಗೆ ಇಟ್ಟು ವಿಳಾಸ 3ಕ್ಕೆ (ವಿಳಾಸ ಅಂದರೆ ಸ್ಟೇಷನ್ ಲೋಕೋವನ್ನು ಕರೆಯುವ ನಂಬರ್) ಓಡಿಸಿ ನೋಡಿ. ಹೊಸ ಡಿಕೋಡರ್‌ನ ವಿಳಾಸ ಅದೇ. ಓಡಿದರೆ ಡಿಕೋಡರ್ ಸರಿಯಾಗಿದೆ, ತೊಂದರೆ ಸ್ಟೇಷನ್‌ದು. ಬೇಕಾದ ಸಿವಿಗಳನ್ನು ಮುಖ್ಯ ಹಳಿಯಲ್ಲೇ ಬರೆಯಬಹುದು. ಇದಕ್ಕೇ ಅಂತ ಪ್ರೋಗ್ರಾಮಿಂಗ್ ಬೂಸ್ಟರ್‌ಗಳೂ ಸಿಗುತ್ತವೆ. ಪದೇಪದೇ ಡಿಕೋಡರ್ ಹಾಕುವವರಿಗೆ ಸರಿ, ಒಂದೆರಡು ಲೋಕೋಗೆ ಅಷ್ಟು ದುಡ್ಡು ದಂಡ.

ಒಂದು ಸಲ ಓದಿ ಇನ್ನೊಂದು ಸಲ ಓದದಿದ್ದರೆ ಬ್ರಷ್ ಅಥವಾ ಪಿಕಪ್ (ಚಕ್ರದಿಂದ ಕರೆಂಟ್ ತೆಗೆಯುವ ಲೋಹದ ಪಟ್ಟಿ) ಕೊಳೆಯಾಗಿದೆ. ಯಾವತ್ತೂ ಓದುವುದಿಲ್ಲ, ಓಡುವುದೂ ಇಲ್ಲ ಅಂದರೆ ಕೆಳಗಿನ ಭಾಗ ನೋಡಿ.

ದೀಪ ಇಲ್ಲ, ಸದ್ದಿಲ್ಲ, ಚಲನೆ ಇಲ್ಲ

ಅದೇ ಹಳಿಯ ಮೇಲೆ ಇನ್ನೊಂದು ಲೋಕೋ ಓಡುತ್ತದಾ? ಓಡಿದರೆ ಹಳಿ ಸರಿ. ಆಮೇಲೆ ಈ ಲೋಕೋದ ಡಿಕೋಡರ್ ಹತ್ತಿರವೇ, ಕೆಂಪು ಕಪ್ಪು ವಯರ್ ಸೇರುವ ಕಡೆ, ಮೀಟರ್ ಎಸಿಯಲ್ಲಿಟ್ಟು ಅಳೆಯಿರಿ. ಎಚ್‌ಓನಲ್ಲಿ ಸುಮಾರು 14ರಿಂದ 16 ವೋಲ್ಟ್ ಕಾಣಬೇಕು. ಮಾಮೂಲಿ ಮೀಟರ್ ಡಿಸಿಸಿ ಅಲೆಯನ್ನು ಕರಾರುವಾಕ್ಕಾಗಿ ಓದುವುದಿಲ್ಲ, ಒಂದೆರಡು ವೋಲ್ಟ್ ಆಚೀಚೆ ಆದರೆ ತಲೆಕೆಡಿಸಿಕೊಳ್ಳಬೇಡಿ. ಏನೂ ಕಾಣದಿದ್ದರೆ ಪಿಕಪ್‌ನಿಂದ ಡಿಕೋಡರ್‌ವರೆಗೆ ಎಲ್ಲೋ ಕಡಿದಿದೆ.

ವೋಲ್ಟೇಜ್ ಇದ್ದೂ ಸುಮ್ಮನಿದ್ದರೆ ವಿಳಾಸದ ಗೊಂದಲ ಇರಬಹುದು. ಸೆಕೆಂಡ್‌ಹ್ಯಾಂಡ್ ಡಿಕೋಡರ್ ಆದರೆ ಸಿವಿ 19 ನೋಡಿ. ಹಿಂದಿನವರು ಎರಡು ಮೂರು ಲೋಕೋ ಒಟ್ಟಿಗೆ ಓಡಿಸಲು ಅಲ್ಲಿ ನಂಬರ್ ಬರೆದು ಮರೆತಿದ್ದರೆ ನಿಮ್ಮ ಥ್ರಾಟಲ್ (ಲೋಕೋ ಓಡಿಸುವ ಕೈ ನಿಯಂತ್ರಕ) ಎಷ್ಟು ತಿರುಗಿಸಿದರೂ ಲೋಕೋ ಕೇಳುವುದಿಲ್ಲ. ಅದನ್ನು 0 ಮಾಡಿ. ಸಿವಿ 29ರಲ್ಲಿ 6 ಇದ್ದರೆ ಚಿಕ್ಕ ವಿಳಾಸ, 38 ಇದ್ದರೆ ದೊಡ್ಡ ವಿಳಾಸ ಅಂತ ಲೆಕ್ಕ. ಏನೂ ಬಗೆಹರಿಯದಿದ್ದರೆ ರೀಸೆಟ್. ಇಎಸ್‌ಯು, ಜಿಮೋ, ಸೌಂಡ್‌ಟ್ರಾಕ್ಸ್ ಟ್ಸುನಾಮಿ2 ಇವುಗಳಲ್ಲಿ ಸಿವಿ 8ಕ್ಕೆ 8 ಬರೆದು, ಕರೆಂಟ್ ತೆಗೆದು ಮತ್ತೆ ಕೊಟ್ಟರೆ ಆಯಿತು.

ಇಟ್ಟ ತಕ್ಷಣ ಸ್ಟೇಷನ್ ಕಟ್ ಆಗುತ್ತೆ

ಇದು ಷಾರ್ಟ್. ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ. ಲೋಕೋ ಎತ್ತಿ, ಡಿಕೋಡರ್ ಬಿಡಿಸಿ, ಬಲ ಎಡ ಚಕ್ರಗಳ ನಡುವೆ ಬೀಪ್ ಬರುತ್ತದಾ ನೋಡಿ. ಬಂದರೆ ಷಾರ್ಟ್ ಲೋಕೋದ ಪಿಕಪ್‌ನಲ್ಲೇ ಇದೆ. ಬರದಿದ್ದರೆ ಮತ್ತೆ ಮೊದಲಿನ ಆರು ಅಳತೆ.

ಒಂದು ಉಪ-ಲಕ್ಷಣ ಇದೆ: ಲೋಕೋ ಇಟ್ಟಾಗ ಕಟ್ ಆಗುತ್ತದೆ, ಎರಡು ಸೆಕೆಂಡ್ ಬಿಟ್ಟು ತಾನೇ ಸರಿಹೋಗುತ್ತದೆ. ಅದು ಷಾರ್ಟ್ ಅಲ್ಲ, ಕೀಪ್‌ಅಲೈವ್ ಕೆಪಾಸಿಟರ್ ತುಂಬಿಕೊಳ್ಳುವ ಎಳೆತ. ಹತ್ತು ಸೌಂಡ್ ಲೋಕೋ ಒಟ್ಟಿಗೆ ನಿಂತಿರುವ ಲೇಔಟ್‌ನಲ್ಲಿ ಇದು ದಿನನಿತ್ಯದ ಕಥೆ.

ಬಾಡಿ ತೆಗೆದರೆ ಸರಿ, ಹಾಕಿದರೆ ಕೆಡುತ್ತೆ

ಇದಕ್ಕಿಂತ ಸ್ಪಷ್ಟವಾದ ಲಕ್ಷಣ ಇನ್ನೊಂದಿಲ್ಲ. ಯಾವುದೋ ವಯರ್ ಅಂಚಿನಲ್ಲಿ ಸಿಕ್ಕಿ ನಜ್ಜುಗುಜ್ಜಾಗುತ್ತಿದೆ, ಇಲ್ಲವೇ ಡಿಕೋಡರ್‌ನ ಬೋರ್ಡ್ ತೂಕಕ್ಕೆಂದು ಇಟ್ಟ ಲೋಹಕ್ಕೆ ತಾಗುತ್ತಿದೆ. ವಯರ್‌ಗಳನ್ನು ಉದ್ದ ಬಿಟ್ಟು ಸುತ್ತಿ ತುರುಕಿದ್ದರೆ ಅಳತೆಗೆ ಕತ್ತರಿಸಿ, ಮಧ್ಯಕ್ಕೆ ತಂದು ಟೇಪ್ ಹಾಕಿ ಕೂರಿಸಿ. ಡಿಕೋಡರ್‌ಗೆ ಪೂರ್ತಿ ಹೀಟ್‌ಶ್ರಿಂಕ್ ಸುತ್ತಬೇಡಿ, ಬಿಸಿ ಹೊರಹೋಗುವುದಿಲ್ಲ. ಅದು ತಾಗುವ ಲೋಹಕ್ಕೆ ಕಾಪ್ಟನ್ ಹಾಕುವುದೇ ವಾಸಿ.

ಓಡುತ್ತೆ, ಸದ್ದಿಲ್ಲ

ಸ್ಕ್ರೂಡ್ರೈವರ್ ಕೆಳಗಿಡಿ, ಮೊದಲು ಥ್ರಾಟಲ್‌ನ ಬಟನ್. ಅಮೆರಿಕದ ಲೋಕೋಗಳ ಸೌಂಡ್ ಫೈಲ್ ಇರುವ ಇಎಸ್‌ಯು ಲೋಕ್‌ಸೌಂಡ್‌ನಲ್ಲಿ ಸಾಮಾನ್ಯವಾಗಿ ಎಫ್8 ಒತ್ತಿದರೆ ಇಂಜಿನ್ ಸ್ಟಾರ್ಟ್ ಆಗುತ್ತದೆ. ಸೌಂಡ್‌ಟ್ರಾಕ್ಸ್‌ನಲ್ಲಿ ಅದೇ ಎಫ್8 ಸದ್ದನ್ನು ಮುಚ್ಚುತ್ತದೆ. ಬ್ರಿಟನ್ ಯುರೋಪಿನ ಎಷ್ಟೋ ಡಿಕೋಡರ್‌ಗಳಲ್ಲಿ ಸ್ಟಾರ್ಟ್‌ಗೆ ಎಫ್1. ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋದವರೆಲ್ಲ ಇಲ್ಲಿ ಒಮ್ಮೆ ಸಿಕ್ಕಿಬೀಳುತ್ತಾರೆ.

ಆಮೇಲೆ ವಾಲ್ಯೂಮ್. ಲೋಕ್‌ಸೌಂಡ್ ಆದರೆ ಸಿವಿ 63, ಜಿಮೋ ಆದರೆ ಸಿವಿ 266, ಟ್ಸುನಾಮಿ2 ಆದರೆ ಸಿವಿ 128. ಅಲ್ಲಿ 0 ಇದ್ದರೆ ಉತ್ತರ ಸಿಕ್ಕಿತು.

ಈಗ ಸ್ಪೀಕರ್. ಕರೆಂಟ್ ತೆಗೆದು, ಸ್ಪೀಕರ್‌ನ ಒಂದು ವಯರಾದರೂ ಡಿಕೋಡರ್‌ನಿಂದ ಬಿಡಿಸಿ, ಓಮ್‌ನಲ್ಲಿ ಅಳೆಯಿರಿ. 8 ಓಮ್ ಸ್ಪೀಕರ್ ಮೀಟರ್‌ನಲ್ಲಿ 7ರ ಆಸುಪಾಸು ತೋರಿಸುತ್ತದೆ. ಏನೂ ತೋರಿಸದಿದ್ದರೆ ಕಾಯಿಲ್ ಕಡಿದಿದೆ. ಎಎ ಸೆಲ್ಲನ್ನು ಕ್ಷಣಮಾತ್ರ ಮುಟ್ಟಿಸಿದರೆ "ಟಕ್" ಅನ್ನಬೇಕು. ಶುಗರ್ ಕ್ಯೂಬ್ ಅನ್ನುವ ಪುಟಾಣಿ ಸ್ಪೀಕರ್‌ಗಳ ಬೆಸುಗೆ ಜಾಗ ಅಕ್ಕಿಕಾಳಿಗಿಂತ ಚಿಕ್ಕದು. ಐರನ್ ಎರಡು ಸೆಕೆಂಡ್ ಜಾಸ್ತಿ ಇಟ್ಟರೂ ಪ್ಲಾಸ್ಟಿಕ್ ಕರಗಿ ಒಳಗಿನ ತಂತಿ ಕಿತ್ತುಬರುತ್ತದೆ. ಹೊಸ ಸ್ಪೀಕರ್ ಸದ್ದೇ ಮಾಡದಿದ್ದರೆ ಮೊದಲ ಅನುಮಾನ ಈ ಬೆಸುಗೆ ಮೇಲೆ.

ಎರಡು ಸ್ಪೀಕರ್ ಹಾಕಿದ್ದರೆ ಲೆಕ್ಕ ಮಾಡಿ. ಎರಡು 8 ಓಮ್ ಪ್ಯಾರಲಲ್ ಆದರೆ 4, ಸೀರೀಸ್ ಆದರೆ 16. ಡಿಕೋಡರ್ ಕನಿಷ್ಠ 8 ಓಮ್ ಕೇಳಿದರೆ 4 ಕೊಡಬೇಡಿ, ಆಂಪ್ಲಿಫೈಯರ್ ಬಿಸಿಯಾಗಿ ಹೋಗುತ್ತದೆ. ಹಳೆಯ ಲೋಕ್‌ಸೌಂಡ್ 3.5ಕ್ಕೆ 100 ಓಮ್ ಸ್ಪೀಕರೇ ಬೇಕು. ಸೆಕೆಂಡ್‌ಹ್ಯಾಂಡ್ ಕೊಂಡು 8 ಓಮ್ ಜೋಡಿಸಿದರೆ ಕಥೆ ಅಲ್ಲಿಗೇ ಮುಗಿಯಿತು. ಸ್ಪೀಕರ್ ವಯರ್ ಯಾವುದೂ ಚಾಸಿಗೆ, ನೀಲಿ ವಯರ್‌ಗೆ ತಾಗಬಾರದು.

ಸ್ಪೀಕರ್ ಸರಿ, ವಾಲ್ಯೂಮ್ ಸರಿ, ಬಟನ್ ಸರಿ, ಬೇರೆ ಸ್ಪೀಕರ್ ಹಾಕಿದರೂ ಸದ್ದಿಲ್ಲ ಅಂದಾಗ ಮಾತ್ರ ಆಂಪ್ಲಿಫೈಯರ್ ಹೋಗಿದೆ ಅನ್ನಬಹುದು. ಅದು ಮನೆಯಲ್ಲಿ ಮಾಡುವ ರಿಪೇರಿ ಅಲ್ಲ.

ಸದ್ದು ಬರುತ್ತೆ, ಆದರೆ ತೆಳು ಅಥವಾ ಗರಗರ

ತೆಳು ಅಂದರೆ ಸ್ಪೀಕರ್ ಹಿಂದೆ ಮುಚ್ಚಿದ ಡಬ್ಬಿ ಇಲ್ಲ. ಸ್ಪೀಕರ್‌ನ ಮುಂದಿನ ಮತ್ತು ಹಿಂದಿನ ಗಾಳಿಯ ಅಲೆಗಳು ಸೇರಿದರೆ ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಅದರಲ್ಲೂ ತಗ್ಗಿನ ಸ್ವರ ಪೂರ್ತಿ ಮಾಯ. ಪರೀಕ್ಷೆ ಮಾಡಬೇಕಾ? ಇಂಜಿನ್ ಐಡಲ್‌ನಲ್ಲಿರುವಾಗ ಸ್ಪೀಕರ್ ಹಿಂಭಾಗವನ್ನು ನೀರಿನ ಬಾಟಲಿಯ ಮುಚ್ಚಳಕ್ಕೆ ಒತ್ತಿ, ಸುತ್ತ ಬೆರಳಿನಿಂದ ಮುಚ್ಚಿ. ಸದ್ದು ಒಮ್ಮೆಲೇ ತುಂಬಿಕೊಳ್ಳುತ್ತದೆ. ಆ ವ್ಯತ್ಯಾಸ ಒಮ್ಮೆ ಕೇಳಿದವರು ಮತ್ತೆ ಡಬ್ಬಿ ಇಲ್ಲದೆ ಸ್ಪೀಕರ್ ಹಾಕುವುದಿಲ್ಲ. ಡಬ್ಬಿಯ ಅಂಚಿನಲ್ಲಿ ಕೂದಲೆಳೆಯ ಸಂದಿಯೂ ಇರಬಾರದು. ವಯರ್ ಹೊರಬರುವ ತೂತಿಗೆ ಒಂದು ಹನಿ ಅಂಟು ಹಾಕಿ. ಆದರೆ ಸೂಪರ್‌ಗ್ಲೂ ಬೇಡ, ಹರಿದು ಸ್ಪೀಕರ್ ಪೊರೆಗೆ ಹೋದರೆ ಸ್ಪೀಕರ್ ಹೋಯಿತು.

ಗರಗರ ಅಂದರೆ ಮೊದಲು ವಾಲ್ಯೂಮ್ ಇಳಿಸಿ. ಕಂಪನಿಯಿಂದ ಬರುವಾಗ ವಾಲ್ಯೂಮ್ ಸಣ್ಣ ಸ್ಪೀಕರ್‌ಗೆ ಮೀರಿಯೇ ಇರುತ್ತದೆ. ಲೋಕ್‌ಸೌಂಡ್ 5ರಲ್ಲಿ ಸಿವಿ 63 ಗರಿಷ್ಠ 192, ಅದರ ಅರ್ಧಕ್ಕೆ ಇಳಿಸಿ ಕೇಳಿ. ಹಾರ್ನ್ ಹೊಡೆದಾಗ ಮಾತ್ರ ಗರಗರ ಬಂದರೆ ಹಾರ್ನ್ ವಾಲ್ಯೂಮ್ ಬೇರೆಯೇ ಇಳಿಸಬಹುದು. ಇಳಿಸಿದ ಮೇಲೂ ಇದ್ದರೆ ಬಾಡಿಯನ್ನು ಬೆರಳಲ್ಲಿ ಅಲ್ಲಲ್ಲಿ ಒತ್ತಿ. ಒಂದು ಕಡೆ ಒತ್ತಿದಾಗ ನಿಂತರೆ ಅಲ್ಲಿ ಏನೋ ಸಡಿಲ ಇದೆ. ಕಿಟಕಿಯ ಪ್ಲಾಸ್ಟಿಕ್ ಆಗಿರುವುದೇ ಹೆಚ್ಚು.

ಇಲ್ಲೊಂದು ಅಡ್ಡಮಾತು. ನಮ್ಮ ಡಬ್ಲ್ಯುಡಿಎಂ-2 ಲೋಕೋದಲ್ಲಿದ್ದದ್ದು 16 ಸಿಲಿಂಡರ್‌ನ ಆಲ್ಕೋ 251 ಇಂಜಿನ್. ಅಮೆರಿಕದ ಆಲ್ಕೋ ಲೋಕೋಗಳಿಗೆ ಮಾಡಿದ 251 ಸೌಂಡ್ ಫೈಲ್ ಹಾಕಿದರೆ ಕೆ.ಆರ್.ಪುರಂ ಶೆಡ್ ಕಡೆ ಬೆಳೆದವರಿಗೆ ಆ ಗಡಗಡ ಥಟ್ಟನೆ ಗುರುತು ಹತ್ತುತ್ತದೆ. ಹುಬ್ಬಳ್ಳಿಯ ಡಬ್ಲ್ಯುಡಿಜಿ-4 ಬೇಕಾದರೆ ಇಎಂಡಿ 710 ಇಂಜಿನ್‌ನ ಫೈಲ್ ಹುಡುಕಿ. "ಸದ್ದು ಸರಿ ಇಲ್ಲ" ಅನ್ನುವ ಕೆಲವು ದೂರುಗಳು ಬರೀ ತಪ್ಪು ಫೈಲ್‌ನವು.

ಸದ್ದಿದೆ, ಓಡಲ್ಲ

ಇಂಜಿನ್ ಸ್ಟಾರ್ಟ್ ಆಗುವ ಸದ್ದು ಮುಗಿಯುವವರೆಗೆ ಕಾಯಿರಿ. ಲೋಕೋ ಅಲ್ಲಿಯವರೆಗೆ ಬೇಕೆಂದೇ ಕದಲುವುದಿಲ್ಲ. ಸಿವಿ 3ರಲ್ಲಿ ದೊಡ್ಡ ಸಂಖ್ಯೆ ಇದ್ದರೂ ಹೊರಡಲು ಹೊತ್ತಾಗುತ್ತದೆ. ಇದಾವುದೂ ಅಲ್ಲದೆ, ಇಂಜಿನ್ ಸದ್ದು ಏರುತ್ತದೆ, ಚಕ್ರ ತಿರುಗುವುದಿಲ್ಲ ಅಂದರೆ ಕಿತ್ತಳೆ ಬೂದು ವಯರ್‌ಗಳನ್ನು ಡಿಕೋಡರ್‌ನಿಂದ ಬಿಡಿಸಿ, ಮೋಟಾರ್‌ಗೆ ನೇರವಾಗಿ 9 ವೋಲ್ಟ್ ಬ್ಯಾಟರಿ ಕೊಟ್ಟು ನೋಡಿ. ಮೋಟಾರ್ ತಿರುಗಿದರೆ ಬೆಸುಗೆ ನೋಡಿ. ಬೆಸುಗೆಯೂ ಸರಿ ಇದ್ದರೆ ಡಿಕೋಡರ್‌ನ ಮೋಟಾರ್ ಡ್ರೈವರ್ ಹೋಗಿದೆ.

ಹಾಗೆ ಹೋಗಿದ್ದರೆ, ಹೊಸತು ಹಾಕುವ ಮುಂಚೆ ಹಳೆಯ ಮೋಟಾರ್ ಎಷ್ಟು ಎಳೆಯುತ್ತದೆ ಅಳೆಯಿರಿ. 12 ವೋಲ್ಟ್ ಡಿಸಿ ಕೊಟ್ಟು, ಮೀಟರನ್ನು 10 ಆಂಪ್ ಸಾಕೆಟ್‌ನಲ್ಲಿಟ್ಟು, ಫ್ಲೈವೀಲನ್ನು ಒಂದೆರಡು ಸೆಕೆಂಡ್ ಮಾತ್ರ ಹಿಡಿದು ನಿಲ್ಲಿಸಿ. ಎಚ್‌ಓ ಡಿಕೋಡರ್‌ಗಳು ಸಾಮಾನ್ಯವಾಗಿ ತಾಳುವುದು 1ರಿಂದ 1.5 ಆಂಪ್. ಮೋಟಾರ್ ಅದಕ್ಕಿಂತ ಜಾಸ್ತಿ ಎಳೆದರೆ ಡಿಕೋಡರ್ ಜೊತೆಗೆ ಮೋಟಾರನ್ನೂ ಬದಲಿಸಿ.

ಓಡುವಾಗ ಸದ್ದು ಕಟ್ಟಾಗಿ ಮತ್ತೆ ಮೊದಲಿಂದ ಶುರುವಾಗುತ್ತೆ

ಕರೆಂಟ್ ಕ್ಷಣಕಾಲ ತಪ್ಪುತ್ತಿದೆ. ಮಾಮೂಲಿ ಲೋಕೋದಲ್ಲಿ ಫ್ಲೈವೀಲ್ ಇದನ್ನು ಮುಚ್ಚಿಹಾಕುತ್ತದೆ. ಸೌಂಡ್ ಬಂದ ಮೇಲೆ ಪ್ರತಿ ತಪ್ಪೂ ಕಿವಿಗೆ ಬೀಳುತ್ತದೆ. ಒಂದೇ ಜಾಗದಲ್ಲಿ ಆದರೆ ಹಳಿಯ ತಪ್ಪು, ಎಲ್ಲ ಕಡೆ ಆದರೆ ಲೋಕೋದ ತಪ್ಪು.

ಟಿಶ್ಯೂಗೆ ಆಲ್ಕೋಹಾಲ್ ಹಾಕಿ ಹಳಿಯ ಮೇಲೆ ಹಾಸಿ, ಒಂದು ಬೋಗಿ ಅದರ ಮೇಲೆ, ಇನ್ನೊಂದು ಹಳಿಯ ಮೇಲೆ ಇಟ್ಟು ಲೋಕೋ ಹಿಡಿದು ಚಕ್ರ ತಿರುಗಿಸಿ. ಕಪ್ಪು ಗೆರೆ ನೋಡಿದರೆ ಕಾರಣ ಗೊತ್ತಾಗುತ್ತದೆ. ಮಂಗಳೂರು ಕಡೆಯ ಮಳೆಗಾಲದಲ್ಲಿ ಇದನ್ನು ಆಗಾಗ ಮಾಡಬೇಕು. ಉಪ್ಪುಕಾಗದದಿಂದ ಉಜ್ಜಬೇಡಿ, ಗೀರುಗಳಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ.

ಕೀಪ್‌ಅಲೈವ್ ಕೊನೆಯ ಉಪಾಯ. ಪ್ಲಸ್ ನೀಲಿ ವಯರ್‌ಗೆ, ಮೈನಸ್ ಡಿಕೋಡರ್‌ನ ಗ್ರೌಂಡ್‌ಗೆ. ಗ್ರೌಂಡ್ ಬೇರೆ, ಹಳಿಯ ಕಪ್ಪು ವಯರ್ ಬೇರೆ. ಕೈಪಿಡಿಯಲ್ಲಿ ಆ ಜಾಗ ಯಾವುದು ಅಂತ ಖಚಿತವಾಗುವವರೆಗೆ ಐರನ್ ಬಿಸಿ ಮಾಡಬೇಡಿ. ಕೆಪಾಸಿಟರ್ ಪ್ಲಸ್ ಮೈನಸ್ ಉಲ್ಟಾ ಆದರೆ ಸಿಡಿಯಬಹುದು. ಲೋಕೋ ಎತ್ತಿದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರುತ್ತದೆ. ಚಕ್ರ ನಿಂತು, ದೀಪ ಆರುವ ತನಕ ಒಳಗೆ ಕೈ ಹಾಕಬೇಡಿ.

ಸಣ್ಣಪುಟ್ಟವು

ಉಲ್ಟಾ ದಿಕ್ಕಿಗೆ ಓಡಿದರೆ ಕಿತ್ತಳೆ ಬೂದು ಅದಲುಬದಲು. 8 ಪಿನ್ ಪ್ಲಗ್‌ನಲ್ಲಿ ಓಡುತ್ತದೆ, ದೀಪ ಮಾತ್ರ ಇಲ್ಲ ಅಂದರೆ ಪ್ಲಗ್ ತಿರುಗಾಮುರುಗಾ ಆಗಿದೆ, ತೆಗೆದು ತಿರುಗಿಸಿ ಹಾಕಿ. ಎಲ್‌ಇಡಿ ಒಮ್ಮೆ ಮಿಂಚಿ ಸತ್ತರೆ 1 ಕಿಲೋಓಮ್ ರೆಸಿಸ್ಟರ್ ಹಾಕಿಲ್ಲ. ನಿಧಾನ ಓಟದಲ್ಲಿ ಜಗ್ಗಿದರೆ ಮೊದಲು ಮೋಟಾರ್ ಮೇಲೆ ಡಿಸಿ ಕಾಲದ ಕೆಪಾಸಿಟರ್ ಉಳಿದಿದೆಯಾ ನೋಡಿ ಕಿತ್ತುಹಾಕಿ. ಲೋಕ್‌ಸೌಂಡ್ 5ರಲ್ಲಿ ಸಿವಿ 54ಕ್ಕೆ 0 ಬರೆದು ಎಫ್1 ಒತ್ತಿದರೆ ಡಿಕೋಡರ್ ಮೋಟಾರ್‌ಗೆ ತಕ್ಕಂತೆ ತಾನೇ ಹೊಂದಿಸಿಕೊಳ್ಳುತ್ತದೆ. ಆಗ ಲೋಕೋ ಪೂರ್ತಿ ವೇಗದಲ್ಲಿ ನುಗ್ಗುತ್ತದೆ, ಮುಂದೆ ನೇರ ಹಳಿ ಖಾಲಿ ಇರಲಿ.

ಯಾವಾಗ ನಿಲ್ಲಿಸಬೇಕು

ಡಿಕೋಡರ್ ಬೆಚ್ಚಗಾಗುವುದು ಸಹಜ. ಬೆರಳಿಡಲಾಗದಷ್ಟು ಸುಡುತ್ತಿದ್ದರೆ, ಸುಟ್ಟ ವಾಸನೆ ಬಂದರೆ, ಬಾಡಿಯ ಪ್ಲಾಸ್ಟಿಕ್ ಮೆತ್ತಗಾದರೆ ತಕ್ಷಣ ಕರೆಂಟ್ ತೆಗೆಯಿರಿ. ಆಲ್ಕೋಹಾಲ್ ಬೇಗ ಹೊತ್ತಿಕೊಳ್ಳುತ್ತದೆ, ಒರೆಸಿದ್ದು ಪೂರ್ತಿ ಆರುವ ತನಕ ಐರನ್ ಹತ್ತಿರ ತರಬೇಡಿ. ಬೆಸೆಯುವಾಗ ಕಿಟಕಿ ತೆರೆದಿರಲಿ, ಕನ್ನಡಕ ಇರಲಿ.

ಅಮೆರಿಕದಿಂದ ನೆಂಟರ ಕೈಲಿ ತರಿಸಿದ ಸ್ಟೇಷನ್ ಆದರೆ ಅಡಾಪ್ಟರ್ ಮೇಲಿನ ಚೀಟಿ ಓದಿ. 120 ವೋಲ್ಟ್ ಅಂತಷ್ಟೇ ಇದ್ದರೆ ನಮ್ಮ 230 ವೋಲ್ಟ್‌ಗೆ ಚುಚ್ಚಬೇಡಿ. ಅಡಾಪ್ಟರ್ ಒಳಗೆ ಬಿಚ್ಚಿ ರಿಪೇರಿ ಮಾಡುವುದೂ ಬೇಡ, ಸರಿಯಾದ ಔಟ್‌ಪುಟ್ ಇರುವ ಹೊಸದನ್ನು ತನ್ನಿ.

ಡಿಕೋಡರ್ ವಾಪಸ್ ಕಳಿಸುವುದೇ ಆದರೆ ವಯರ್‌ಗಳನ್ನು ಬುಡಕ್ಕೆ ಕತ್ತರಿಸಬೇಡಿ, ಬೋರ್ಡ್ ಮೇಲೆ ನೀವೇ ಬೆಸೆಯಬೇಡಿ, ವಾರಂಟಿ ಹೋಗುತ್ತದೆ. ಜೊತೆಗೆ ಚೀಟಿಯಲ್ಲಿ ಸಿವಿ 8 ಓದಿದಾಗ ಬಂದ ನಂಬರ್, ಸ್ಪೀಕರ್ ಓಮ್, ಮೋಟಾರ್ ಎಳೆದ ಕರೆಂಟ್, ರೀಸೆಟ್ ಮಾಡಿದ್ದೀರಾ ಇಲ್ಲವಾ, ಎಲ್ಲ ಬರೆಯಿರಿ. ಬರೀ "ಕೆಲಸ ಮಾಡ್ತಿಲ್ಲ" ಅಂತ ಬರೆದರೆ ಅವರು ಮೊದಲು ಇದನ್ನೇ ಕೇಳುತ್ತಾರೆ, ಮತ್ತೆರಡು ವಾರ ಅದರಲ್ಲೇ ಹೋಗುತ್ತದೆ.